ಗುಡ್ಡ ಎಡಕ್ಕಿರಬೇಕಿತ್ತು

ಹಳೆಯ ಸಿನೆಮಾ ಹಾಡು ಬಂದರೆ ನಾನು ಈಗಲೂ ನಾಯಕಿಯ ಮುಖ ನೋಡುವುದಿಲ್ಲ. ಅವಳ ತಲೆಯ ಮೇಲಿನ ಮಾಡು ನೋಡುತ್ತೇನೆ. ಮಾಡಿನ ಅಂಚಿಗೆ ಮರದ ಝಾಲರಿ ಇದೆಯೋ, ಬರೀ ತಗಡೋ. ಕಂಬ ಎರಕದ್ದೋ, ಹಳೆಯ ಹಳಿ ಕತ್ತರಿಸಿ ನಿಲ್ಲಿಸಿದ್ದೋ. ಮೇಲೆ ಕರೆಂಟಿನ ತಂತಿ ಹೋಗಿದೆಯೋ ಇಲ್ಲವೋ. ಅಷ್ಟರಲ್ಲಿ ಹಾಡು ಮುಗಿದಿರುತ್ತದೆ. ಮನೆಯವರು ನಗುತ್ತಾರೆ. ನಗಲಿ. ಈ ರೋಗವನ್ನು ನನಗೆ ಅಂಟಿಸಿದವರು ಡೊಂಬಿವಲಿಯ ನಮ್ಮ ಹಳೆಯ ಬಿಲ್ಡಿಂಗಿನ ಗ್ರೌಂಡ್ ಫ್ಲೋರಿನಲ್ಲಿದ್ದ ಮಾಮ. ಅವರೀಗ ಇಲ್ಲ. ಹೆಸರು ಬರೆಯುವುದಿಲ್ಲ, ಯಾರಾದರೂ ತಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದರೂ ಮೈಗೆ ತುರಿಕೆ ಸೊಪ್ಪು ತಾಗಿದವರ ಹಾಗೆ ಎದ್ದು ಹೋಗುತ್ತಿದ್ದ ಮನುಷ್ಯ ಅವರು.

ಮಾಮ ಎಂದರೆ ಸಂಬಂಧದಲ್ಲಿ ಮಾಮ ಏನಲ್ಲ. ಅವರ ಊರು ಉಡುಪಿಯ ಹತ್ತಿರ, ನಮ್ಮದೂ ಅಲ್ಲೇ ಎಲ್ಲೋ ಹತ್ತಿರ, ಅಷ್ಟೇ. ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ಜೀವಮಾನವೆಲ್ಲ ಕುಳಿತು ರಿಟೈರ್ ಆಗಿದ್ದರು. ಮದುವೆಯಾದ ಎರಡನೆಯ ವರ್ಷವೇ ಹೆಂಡತಿ ಕಾಮಾಲೆಯಲ್ಲಿ ತೀರಿಕೊಂಡಿದ್ದರಂತೆ. ಮಕ್ಕಳಿರಲಿಲ್ಲ. ಮತ್ತೆ ಮದುವೆ ಮಾಡಿಕೊಳ್ಳಿ ಎಂದವರನ್ನೆಲ್ಲ ಬೈದು ಅಟ್ಟಿದ್ದರು. ನಾನು ಮದುವೆಯಾಗಿ ಆ ಬಿಲ್ಡಿಂಗಿನ ಎರಡನೆಯ ಮಾಳಿಗೆಗೆ ಬಂದಾಗ ಅವರ ತಲೆಯಲ್ಲಿ ಒಂದು ಕಪ್ಪು ಕೂದಲು ಇರಲಿಲ್ಲ. ಮೆಟ್ಟಿಲ ಬಳಿ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಅಡುಗೆ ಬರ್ತದಾ?" ಎಂದು ಕೇಳಿದ್ದೇ ಅವರ ಮೊದಲ ಮಾತು. "ಹೊಲಿಗೆ ಬರ್ತದೆ" ಅಂದೆ. "ಹಾಗಾದರೆ ನಿನ್ನ ಗಂಡ ಉಪವಾಸ" ಅಂದು ಒಳಗೆ ಹೋದರು.

ಹೊಲಿಗೆ ನಿಜವಾಗಿಯೂ ಬರುತ್ತಿತ್ತು. ಹಾಲಿನ ಅರ್ಧ ಭಾಗಕ್ಕೆ ಪರದೆ ಹಾಕಿ ಮೆಷಿನ್ ಇಟ್ಟು, ಗೋಡೆಗೆ ಆಳೆತ್ತರದ ಟ್ರಯಲ್ ಕನ್ನಡಿ ಹೊಡೆಸಿ, ಬಿಲ್ಡಿಂಗಿನ ಮತ್ತು ಪಕ್ಕದ ಗಲ್ಲಿಯ ಹೆಂಗಸರ ಬ್ಲೌಸು ಹೊಲಿದುಕೊಂಡಿದ್ದೆ. ಹೊಲಿಯುವಾಗ ಟಿವಿಯಲ್ಲಿ ಹಾಡು ಇರಲೇಬೇಕು ನನಗೆ. ನೋಡುವುದಕ್ಕಲ್ಲ, ಕೇಳುವುದಕ್ಕೆ. ಮಾಮನಿಗೆ ಅದೂ ಸಹಿಸುತ್ತಿರಲಿಲ್ಲ. "ಎಂತ ಮಾರಾಯ್ತಿ ಅದು, ಬೆಳಿಗ್ಗೆ ಬೆಳಿಗ್ಗೆ ಆ ಗಂಡಸು ಆ ಹೆಂಗಸಿನ ಹಿಂದೆ ಓಡುವುದು? ಅವನಿಗೆ ಆಫೀಸಿಲ್ವಾ?" ಎಂದು ಕೆಳಗಿನಿಂದಲೇ ಕೂಗುತ್ತಿದ್ದರು. ಸಿನೆಮಾ ಎಂದರೆ ಮೂಗು ಮುರಿಯುವವರು. ಅಂಥವರು ಮುಂದೆ ದಿನಗಟ್ಟಲೆ ನನ್ನ ಟಿವಿಯ ಮುಂದೆ ಕೂತರು ಎಂದರೆ ನಂಬಲು ಕಷ್ಟ. ಕೂತರು. ಅದಕ್ಕೆ ಕಾರಣ ಎರಡು ಸಾವಿರದ ಐದರ ಆ ಮಳೆ.

ಆ ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ನೀರು ಬಂದದ್ದು ಎಲ್ಲರಿಗೂ ಗೊತ್ತು. ಡೊಂಬಿವಲಿ, ಕಲ್ಯಾಣದ ತಗ್ಗಿನ ಗಲ್ಲಿಗಳಲ್ಲಿ ನಿಂತ ನೀರನ್ನು ಯಾವ ಟಿವಿಯವರೂ ಅಷ್ಟಾಗಿ ತೋರಿಸಲಿಲ್ಲ. ಮಾಮನ ಮನೆಯಲ್ಲಿ ನೀರು ಕಿಟಕಿಯವರೆಗೆ ಬಂತು. ಅವರನ್ನು ನಮ್ಮವರೂ ಇನ್ನಿಬ್ಬರೂ ಸೇರಿ ಕೈ ಹಿಡಿದು ಮೇಲೆ ತಂದರು. ನೀರು ಇಳಿದ ಮೇಲೆ ಕೆಳಗೆ ಹೋದರೆ, ಮಂಚದ ಕೆಳಗಿನ ಕಬ್ಬಿಣದ ಪೆಟ್ಟಿಗೆ ತುಂಬಾ ಕೆಸರು. ಅದರಲ್ಲಿ ಅವರ ಮದುವೆಯ ಆಲ್ಬಮ್ಮು.

ನನ್ನ ಕಟಿಂಗ್ ಟೇಬಲ್ಲಿನ ಮೇಲೆ ಹಳೆಯ ಸೀರೆ ಹಾಸಿ ಆ ಫೋಟೋಗಳನ್ನು ಬಿಡಿಸಲು ಕೂತೆವು. ಒಂದಕ್ಕೊಂದು ಅಂಟಿ ದೋಸೆ ಹಿಟ್ಟಿನ ಹಾಗೆ ಮೆತ್ತಗಾಗಿದ್ದವು. ಸೂಜಿಯ ತುದಿಯಿಂದ, ಉಸಿರು ಬಿಗಿಹಿಡಿದು ಎತ್ತಿದೆ. ಸೀರೆಯ ಅಂಚು ಉಳಿಯಿತು, ಹಾರ ಉಳಿಯಿತು, ಮಂಟಪದ ಬಾಳೆಕಂಬ ಉಳಿಯಿತು. ಮುಖ ಮಾತ್ರ ಎಲ್ಲದರಲ್ಲೂ ಮೇಲೆ ಹೊದಿಸಿದ್ದ ತೆಳು ಪೇಪರಿಗೆ ಅಂಟಿಕೊಂಡು ಎದ್ದು ಬಂತು, ಬಂದ ಪೇಪರಿನಲ್ಲೂ ಬರೀ ಕಂದು ಬಣ್ಣದ ರಾಡಿ. ಅವರ ಹೆಂಡತಿಯ ಮುಖ ನಾನು ಅವತ್ತೂ ನೋಡಲಿಲ್ಲ. ಮಾಮ ನನ್ನ ಕೈಯಿಂದ ಸೂಜಿ ತೆಗೆದುಕೊಂಡರು. "ಸಾಕು ಬಿಡು" ಅಂದರು. "ಇದೆಯಲ್ಲ ಅಂತ ಧೈರ್ಯದಲ್ಲಿ ಇಷ್ಟು ವರ್ಷ ನಾನಿದನ್ನ ತೆರೆದೇ ನೋಡಿರಲಿಲ್ಲ. ನೋಡಬೇಕಿತ್ತು."

ಬೇರೆ ಫೋಟೋ ಇರಲಿಲ್ಲವೇ ಎಂದು ಎಲ್ಲರೂ ಕೇಳಿದರು. ಇರಲಿಲ್ಲ. ಆ ಕಾಲದಲ್ಲಿ ಹಳ್ಳಿಯ ಹೆಣ್ಣುಮಕ್ಕಳ ಫೋಟೋ ತೆಗೆಸುವುದೆಂದರೆ ಮದುವೆಯಲ್ಲಿ ಒಮ್ಮೆ. ಹೆಂಡತಿಯ ತವರಿನಲ್ಲಿ ಕೇಳೋಣವೆಂದರೆ ತಂದೆ ತಾಯಿ ಎಂದೋ ತೀರಿದ್ದರು, ಇದ್ದ ಒಬ್ಬ ಅಣ್ಣನೂ ಹೋಗಿಯಾಗಿತ್ತು. ಒಂದೇ ಆಲ್ಬಮ್ಮು, ಅದು ಕೆಸರಿಗೆ ಹೋಯಿತು.

ಗಣಪತಿ ಹಬ್ಬ ಕಳೆದ ಮೇಲೆ ಒಂದು ದಿನ ಮೇಲೆ ಬಂದು ಬಾಗಿಲಲ್ಲೇ ನಿಂತರು. ಟಿವಿಯಲ್ಲಿ ಯಾವುದೋ ರೈಲಿನ ಹಾಡು. ಕುರ್ಚಿ ಎಳೆದುಕೊಂಡು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತರು. ನನಗೆ ಆಶ್ಚರ್ಯ. ಹಾಡು ಮುಗಿದ ಮೇಲೆ ಹೇಳಿದರು.

ಮದುವೆಯಾದ ಹೊಸದರಲ್ಲಿ ಗಂಡಹೆಂಡತಿ ಪನ್ವೇಲಿನಲ್ಲಿದ್ದ ಪರಿಚಯದವರ ಮನೆಗೆ ಹೊರಟಿದ್ದರಂತೆ. ದಿವಾ ಸ್ಟೇಷನ್ನಿನಿಂದ ಪನ್ವೇಲಿಗೆ ಆಗ ಹೊಗೆ ಬಿಡುವ ಗಾಡಿ, ಒಂದೇ ಹಳಿ, ಇಡೀ ದಿನಕ್ಕೆ ಎಣಿಸಿದಷ್ಟು ರೈಲು. ಇವರು ಜನರಲ್ ಡಬ್ಬಿಯಲ್ಲಿ, ಅವರು ಹೆಂಗಸರ ಡಬ್ಬಿಯಲ್ಲಿ. ನಡುವೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ಸಿನೆಮಾದವರು ಹಾಡಿನ ಶೂಟಿಂಗ್ ಇಟ್ಟುಕೊಂಡಿದ್ದರು. ಯಾರೂ ಇಳಿಯಬೇಡಿ, ಕಿಟಕಿಯಲ್ಲಿ ಹಾಗೇ ಕೂತಿರಿ, ಕ್ಯಾಮೆರಾ ನೋಡಬೇಡಿ ಎಂದು ಕೈ ಮುಗಿದು ಕೇಳಿಕೊಂಡು, ಗಾಡಿಯನ್ನು ಹಿಂದೆ ಮುಂದೆ ಓಡಿಸಿದರಂತೆ. ಹೆಂಗಸರ ಡಬ್ಬಿ ಸರಿಯಾಗಿ ಕ್ಯಾಮೆರಾದ ಎದುರು ಬಂದಿತ್ತು. ಪನ್ವೇಲಿನಲ್ಲಿ ಇಳಿದ ಮೇಲೆ ಹೆಂಡತಿಯದು ದಾರಿಯುದ್ದಕ್ಕೂ ಅದೇ ಮಾತು. ನಾನು ಕಿಟಕಿಯಲ್ಲೇ ಇದ್ದೆ, ನನ್ನನ್ನೂ ತೆಗೆದಿದ್ದಾರೆ, ಸಿನೆಮಾ ಬಂದಾಗ ನೋಡಬೇಕು ಎಂದು. ಸಿನೆಮಾ ಬರುವ ಮೊದಲೇ ಅವರು ಹೋದರು. ಆಮೇಲೆ ಅದು ಬಂತೋ, ಓಡಿತೋ, ಮಾಮ ತಿಳಿದುಕೊಳ್ಳಲೂ ಇಲ್ಲ.

"ಸಿನೆಮಾದ ಹೆಸರೆಂತ ಮಾಮ?"

"ಯಾರಿಗೆ ಗೊತ್ತು?"

"ಹೀರೋಯಿನ್ ಯಾರು?"

"ಛತ್ರಿ ಹಿಡ್ಕೊಂಡಿದ್ದಳು. ಜನರ ಮಧ್ಯೆ ನನಗೆ ಛತ್ರಿ ಮಾತ್ರ ಕಂಡದ್ದು."

"ಛತ್ರಿ ಹಿಡಿದವಳನ್ನು ಹುಡುಕುವುದಾದರೆ ಹಿಂದಿ ಸಿನೆಮಾದ ಅರ್ಧ ಹೀರೋಯಿನ್‌ಗಳು ಸಿಗ್ತಾರೆ" ಅಂದೆ. ಅವರಿಗೆ ನಗು ಬರಲಿಲ್ಲ.

"ಹೀರೋಯಿನ್ ಬೇಡ. ಸ್ಟೇಷನ್ ಗೊತ್ತುಂಟಲ್ಲ ನನಗೆ. ಸ್ಟೇಷನ್ ಸಿಕ್ಕಿದರೆ ರೈಲು ಸಿಗ್ತದೆ, ರೈಲು ಸಿಕ್ಕಿದರೆ ಕಿಟಕಿ ಸಿಗ್ತದೆ."

ಹಾಗೆ ಶುರುವಾಯಿತು. ಮುಖ ಉಳಿದಿದ್ದರೆ ಎಲ್ಲಾದರೂ ಒಂದು ಹಾಡಿನ ಕಿಟಕಿಯಲ್ಲಿ ಉಳಿದಿರಬೇಕು; ಆ ಒಂದು ಕಿಟಕಿಗಾಗಿ ಆ ಮನುಷ್ಯ ಎಷ್ಟು ಸಾವಿರ ಹಾಡು ನೋಡಿದರೋ ದೇವರಿಗೇ ಗೊತ್ತು.

ಮೊದಮೊದಲು ಅವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಕಂಡ ಸ್ಟೇಷನ್ನೆಲ್ಲ ತಮ್ಮದೇ ಎನ್ನುತ್ತಿದ್ದರು. ಬರಬರುತ್ತ ಕಣ್ಣು ಹರಿತವಾಯಿತು. ಸಿನೆಮಾದವರು ಹಳದಿ ಬೋರ್ಡಿನ ಮೇಲೆ ಇಲ್ಲದ ಊರಿನ ಹೆಸರು ಬರೆಸುತ್ತಾರೆ, ಅದನ್ನು ನಂಬಬಾರದು ಎಂದು ಕಲಿತರು. ಕರೆಂಟಿನ ತಂತಿ ಕಂಡರೆ ಆಗಲೇ ಕೈಬೀಸಿ, "ಇದು ಕರ್ಜತ್ ಕಡೆ, ಬಿಡು" ಎನ್ನುತ್ತಿದ್ದರು. ಗುಂಡು ಮೂತಿಯ ಎಂಜಿನ್ ಕಂಡರೆ, "ಇದು ದೂರದ ಮೇಲ್ ಗಾಡಿ, ನಮ್ಮ ಬಡ ಲೈನಿಗೆ ಇದನ್ನ ಯಾರು ಕೊಡ್ತಾರೆ?" ಎನ್ನುತ್ತಿದ್ದರು. ಮರಗಳೆಲ್ಲ ಪ್ಲಾಟ್‌ಫಾರ್ಮಿಗೆ ಬಾಗಿ ಬಂದಿದ್ದರೆ ಪನ್ವೇಲಿನಾಚೆಯ ಆಪ್ಟಾ ಸ್ಟೇಷನ್. ನಾನು ನಾಯಕಿಯ ಬ್ಲೌಸಿನ ಕೈ ಕಟಿಂಗ್ ನೋಡುತ್ತಿದ್ದರೆ ಗದರಿಕೆ. "ಮುಖ ಬಿಡು, ಮಾಡು ನೋಡು. ಮುಖ ಎಲ್ಲ ಕಡೆ ಒಂದೇ."

ತಪ್ಪೂ ಮಾಡುತ್ತಿದ್ದರು. ತಪ್ಪು ಒಪ್ಪಿಕೊಳ್ಳುವುದು ಅವರ ಜಾತಕದಲ್ಲೇ ಇರಲಿಲ್ಲ. ಸಾನಪಾಡಾದಲ್ಲಿ ಹೊಟೇಲಿಟ್ಟಿದ್ದ ಅವರ ಸ್ನೇಹಿತರೊಬ್ಬರಿದ್ದರು, ಉಡುಪಿಯ ಕಡೆಯವರೇ. ಅವರ ಹೊಟೇಲಿನ ಮೂಲೆಯಲ್ಲಿ ದೊಡ್ಡ ಟಿವಿ. ಮಾಮ ಠಾಣೆಯಲ್ಲಿ ಗಾಡಿ ಬದಲಿಸಿ ಅಲ್ಲಿಗೂ ಹೋಗಿ, ಒಂದು ಟೀ ಮೇಲೆ ಮಧ್ಯಾಹ್ನವೆಲ್ಲ ಕಳೆಯುತ್ತಿದ್ದರು. ಒಮ್ಮೆ ನಾನೂ ಜತೆಯಲ್ಲಿದ್ದೆ. ಒಂದು ಹಾಡಿನ ಸ್ಟೇಷನ್ ಬಗ್ಗೆ ಇಬ್ಬರಿಗೂ ಜಗಳ ಹತ್ತಿತು.

"ನೇರಳ್ ಅದು! ಗುಡ್ಡ ಹತ್ತೋ ಪುಟ್ಟ ಗಾಡಿ ನಿಂತಿರೋದು ಕಾಣ್ತಿಲ್ವಾ ನಿಂಗೆ?" ಹೊಟೇಲಿನವರು.

"ಅದು ಪುಟ್ಟ ಗಾಡಿ ಅಲ್ಲ, ಗೂಡ್ಸ್ ಡಬ್ಬಿ. ನೀನು ಇಡ್ಲಿ ನೋಡಿಕೋ."

"ಅರೇ, ಮೈಂ ಬೋಲ್ತಾ ಹೂಂ ನಾ…"

"ನಿನ್ನ ಬೋಲ್ತಾ ಹೂಂ ಗಿರಾಕಿಗಳಿಗೆ ಇಟ್ಕೋ."

ಟಿವಿಯಲ್ಲಿ ಪುಟ್ಟ ಗಾಡಿ ಸೀಟಿ ಊದಿ ಹೊರಟೇ ಹೋಯಿತು. ಮಾಮ ಕಣ್ಣು ಮಿಟುಕಿಸದೆ, "ಇದು ಬೇರೆ ಶಾಟ್" ಅಂದರು. ವೇಟರುಗಳೂ ನಕ್ಕರು. ಮರಳಿ ಬರುವಾಗ ರೈಲಿನಲ್ಲಿ ನನ್ನ ಹತ್ತಿರ ಸಣ್ಣ ದನಿಯಲ್ಲಿ, "ನೇರಳೇ ಇರಬಹುದು" ಎಂದರು. ಅವರಿಂದ ಅಷ್ಟು ಕೇಳಲು ನಾನು ಪುಣ್ಯ ಮಾಡಿರಬೇಕು.

ನೆರೂಳದಲ್ಲಿ ಅವರ ಅಣ್ಣ ತೀರಿಕೊಂಡಾಗ ಆದದ್ದು ಇನ್ನೂ ಕೆಟ್ಟದ್ದು. ಮಾತಾಡಿಸಲು ಹೋದವರೆಲ್ಲ ತಲೆ ತಗ್ಗಿಸಿ ಕೂತಿದ್ದೆವು. ಯಾವ ಮಗು ಹಾಕಿಟ್ಟಿತ್ತೋ, ಮೂಲೆಯಲ್ಲಿ ದನಿ ತೆಗೆದ ಟಿವಿ ಓಡುತ್ತಿತ್ತು. ಅತ್ತಿಗೆ ಅಳುತ್ತ ಗಂಡನ ಕಡೆಯ ಘಳಿಗೆಯನ್ನು ಹೇಳುತ್ತಿದ್ದಾರೆ, ಮಾಮ ದಡಕ್ಕನೆ ಎದ್ದು ಟಿವಿಯ ಹತ್ತಿರ ಹೋಗಿ ಬಗ್ಗಿ ನಿಂತರು. ಇಡೀ ಮನೆ ಅವರನ್ನೇ ನೋಡಿತು. ಮರಳಿ ಬಂದು ಕೂತು, ನನಗೆ ಮಾತ್ರ ಕೇಳುವ ಹಾಗೆ, "ಅಲ್ಲ" ಅಂದರು. ನನಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೊರಗೆ ಬಂದ ಮೇಲೆ ಬೈದೆ. ನಾನು ಬೈದದ್ದನ್ನು ಅವರು ತಲೆ ತಗ್ಗಿಸಿ ಕೇಳಿದ್ದು ಅದೊಂದೇ ಸಲ.

ಕಲ್ಯಾಣ ಸ್ಟೇಷನ್ನಿನ ಹೊರಗೆ ಹಾಡುಗಳ ವಿಸಿಡಿ ರಾಶಿ ಹಾಕಿ ಮಾರುತ್ತಿದ್ದ ದಿನಗಳಲ್ಲಿ, ರೈಲಿನ ಚಿತ್ರವಿದ್ದ ಕವರನ್ನೆಲ್ಲ ಎತ್ತಿಕೊಂಡು ಬರುತ್ತಿದ್ದರು. ಒಳಗೆ ರೈಲೇ ಇರುತ್ತಿರಲಿಲ್ಲ. ಆಮೇಲೆ ನಮ್ಮವರು ಲ್ಯಾಪ್‌ಟಾಪ್ ತಂದರು, ಇಂಟರ್ನೆಟ್ ಬಂತು, ಯೂಟ್ಯೂಬಿನಲ್ಲಿ ಹಾಡುಗಳ ಸಮುದ್ರವೇ ತೆರೆಯಿತು. ಮಾಮನಿಗೆ ಟೈಪು ಮಾಡಲು ಬರುತ್ತಿರಲಿಲ್ಲ. ನಾನು ಬಟನ್ ಹಚ್ಚುತ್ತ ಒಂದು ಕೈಯಲ್ಲಿ ಹಾಡು ಹಾಕಿಕೊಡುತ್ತಿದ್ದೆ. ಆ ಮಧ್ಯಾಹ್ನಗಳಲ್ಲಿ ಹೆಂಡತಿಯ ಬಗ್ಗೆಯೂ ಒಂದೊಂದು ಮಾತು ಬರುತ್ತಿತ್ತು. ಉಪ್ಪಿನಕಾಯಿ ಇಲ್ಲದೆ ಊಟಕ್ಕೆ ಏಳುತ್ತಿರಲಿಲ್ಲವಂತೆ. ಲೋಕಲ್ ಗಾಡಿಯ ಸದ್ದಿಗೆ ಹೆದರಿ ಪ್ಲಾಟ್‌ಫಾರ್ಮಿನಲ್ಲಿ ಇವರ ಶರ್ಟಿನ ಚುಂಗು ಹಿಡಿದುಕೊಳ್ಳುತ್ತಿದ್ದರಂತೆ. ಅಂದು ಉಟ್ಟ ಸೀರೆ ಯಾವುದೆಂದು ಕೇಳಿದರೆ ಮಾತ್ರ ಒಮ್ಮೆ ನೀಲಿ, ಒಮ್ಮೆ ಗಿಳಿಹಸಿರು. "ಒಂದು ಸೀರೆ ಎರಡು ಬಣ್ಣ ಹೇಗಾಯ್ತು ಮಾಮ?" ಎಂದು ಚುಡಾಯಿಸಿದರೆ ಸಿಟ್ಟು. "ನೀನು ಹೊಲಿ" ಎನ್ನುತ್ತಿದ್ದರು.

ಒಂದು ಸಲ ಹಟ ಹಿಡಿದು ನನ್ನನ್ನು ಆ ಸ್ಟೇಷನ್ನಿಗೇ ಕರೆದುಕೊಂಡು ಹೋದರು. ದಿವಾದಲ್ಲಿ ಗಾಡಿ ಬದಲಿಸಿ ಹೋದೆವು. ಹಳಿ ಎರಡಾಗಿತ್ತು, ಹಳೆಯ ಕಟ್ಟಡ ಇರಲಿಲ್ಲ, ಗಾಡಿಗೆ ನೀರು ತುಂಬುವ ಟ್ಯಾಂಕೂ ಇರಲಿಲ್ಲ. ಕಲ್ಲಿನ ಕ್ವಾರಿಯವರು ಗುಡ್ಡವನ್ನು ಅರ್ಧ ಕಡಿದು ಹಾಕಿದ್ದರು. ಮಾಮ ಹಳಿಯ ಈಚೆ ಬದಿಯಲ್ಲಿ ನಿಂತು, ಇಲ್ಲದ್ದನ್ನೆಲ್ಲ ಕೈಯೆತ್ತಿ ತೋರಿಸಿದರು. "ಕ್ಯಾಮೆರಾ ಇಲ್ಲಿತ್ತು. ಎದುರಿಗೆ ರೈಲು. ರೈಲಿನ ಹಿಂದೆ ಗುಡ್ಡ, ಅದರ ಎತ್ತರದ ತುದಿ ಎಡಕ್ಕೆ. ನೀರಿನ ಟ್ಯಾಂಕೂ ಎಡಕ್ಕೆ. ಅವಳ ಗಾಡಿ ಬಲದಿಂದ ಎಡಕ್ಕೆ ಹೋಯ್ತು. ಇಷ್ಟು ನೆನಪಿಟ್ಕೋ." ಇಟ್ಟುಕೊಂಡೆ. ಬಿಸಿಲಲ್ಲಿ ನನಗೆ ತಲೆ ಸುತ್ತುತ್ತಿತ್ತು. ಅವರು ಆ ಅರ್ಧ ಗುಡ್ಡವನ್ನು ನೋಡುತ್ತ ನಿಂತೇ ಇದ್ದರು.

ಆ ಹಾಡು ಸಿಕ್ಕಿದ್ದು ಅದಾದ ಮೇಲಿನ ಒಂದು ಚಳಿಗಾಲದಲ್ಲಿ. ಹೆಸರಿಲ್ಲದ ಸಿನೆಮಾ, ಯಾರೋ ಪುಣ್ಯಾತ್ಮ ಯೂಟ್ಯೂಬಿಗೆ ಹಾಕಿದ್ದ. ಚಿತ್ರವೆಲ್ಲ ಮಬ್ಬು. ಸಣ್ಣ ಸ್ಟೇಷನ್, ಒಂದೇ ಹಳಿ, ತಂತಿ ಇಲ್ಲ, ಹೊಗೆಗಾಡಿ, ಛತ್ರಿ ಹಿಡಿದ ನಾಯಕಿ. ಮಾಮ ಕುರ್ಚಿಯ ತುದಿಗೆ ಬಂದರು. ಹಿಂದೆ ಗುಡ್ಡ ಕಂಡಿತು. ಅವರು ಮುಂದೆ ಬಾಗಿದವರು ಹಾಗೇ ಕುರ್ಚಿಗೆ ಒರಗಿಬಿಟ್ಟರು.

"ತೆಗಿ."

"ಯಾಕೆ ಮಾಮ? ಎಲ್ಲ ಸರಿ ಉಂಟಲ್ಲ."

"ಗುಡ್ಡದ ತುದಿ ಬಲಕ್ಕುಂಟು. ಟ್ಯಾಂಕ್ ಬಲಕ್ಕುಂಟು. ಗಾಡಿ ಎಡದಿಂದ ಬಲಕ್ಕೆ ಹೋಗ್ತಾ ಉಂಟು. ಇದು ಬೇರೆ ಯಾವುದೋ ಊರು. ಗುಡ್ಡ ಎಡಕ್ಕಿರಬೇಕಿತ್ತು."

"ಪೂರ್ತಿ ನೋಡಿಬಿಡಿ ಒಮ್ಮೆ."

"ಬೇರೆ ಊರಿನ ಗಾಡಿಯಲ್ಲಿ ಅವಳು ಹೇಗೆ ಕೂತಾಳು? ತೆಗಿ ಅಂದೆನಲ್ಲ!"

ತೆಗೆದೆ. ಆ ದಿನದ ಮೇಲೆ ಅವರ ಉತ್ಸಾಹ ಇಳಿಯಿತು. ಅಷ್ಟು ಹತ್ತಿರ ಬಂದು ತಪ್ಪಿದ್ದು ಮನುಷ್ಯನನ್ನು ಒಳಗಿನಿಂದ ತಿಂದಿತು. ಬರುವುದು ಕಡಿಮೆಯಾಯಿತು. ಬಂದರೂ ಎರಡು ಹಾಡಿಗೆ ಎದ್ದು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಮುಂದಿನ ದೀಪಾವಳಿಯ ಹೊತ್ತಿಗೆ ಒಂದು ಹಾಡನ್ನೂ ಕೇಳುತ್ತಿರಲಿಲ್ಲ.

ಆ ಹಾಡಿನ ಧಾಟಿ ಚೆನ್ನಾಗಿತ್ತು. ಒಬ್ಬಳೇ ಇದ್ದಾಗ ನಾನು ಅದನ್ನು ಹಾಕಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಊಟವಾದ ಮೇಲೆ ಬ್ಲೌಸಿಗೆ ಹೆಮ್ಮಿಂಗ್ ಮಾಡುತ್ತ ಕೂತಿದ್ದವಳಿಗೆ, ಪರದೆಯ ಮೇಲೆ ನಾಯಕನ ಶರ್ಟಿನ ಕಿಸೆ ಕಣ್ಣಿಗೆ ಹೊಡೆಯಿತು. ಕಿಸೆ ಬಲಗಡೆ. ಯಾವ ದರ್ಜಿ ಮಾರಾಯ ಇವನಿಗೆ ಬಲಕ್ಕೆ ಕಿಸೆ ಹೊಲಿದವನು, ಎಂದು ನಗು ಬಂತು. ಹಿಂದೆ ನಿಂತ ಹಮಾಲನ ಕಿಸೆಯೂ ಬಲಕ್ಕೆ. ಟಿಕೆಟ್ ನೋಡುವವನ ಕಪ್ಪು ಕೋಟಿನ ಕಿಸೆಯೂ ಬಲಕ್ಕೆ, ಬಟನ್ ಪಟ್ಟಿ ಹೆಂಗಸರ ಬ್ಲೌಸಿನ ಹಾಗೆ ತಿರುಗಾಮುರುಗಾ. ನಾಯಕಿಯ ಸೆರಗು ಬಲ ಭುಜದಿಂದ ಬೆನ್ನಿಗೆ ಬಿದ್ದಿತ್ತು. ಗುಜರಾತಿಯವರು ಬಲ ಭುಜಕ್ಕೆ ಹಾಕುತ್ತಾರೆ ನಿಜ, ಆದರೆ ಅವರದು ಹಿಂದಿನಿಂದ ಮುಂದಕ್ಕೆ ಬರುತ್ತದೆ. ಇದು ಹಾಗಲ್ಲ. ನನ್ನ ಕೈಯಿಂದ ಸೂಜಿ ಬಿತ್ತು. ಚಿತ್ರವನ್ನೇ ಎಡಬಲ ಮಾಡಿ ಹಾಕಿದ್ದರು. ಹಾಡಿನ ಕಂಪೆನಿಯವರ ಕಣ್ಣಿಗೆ ಬೀಳದಿರಲಿ ಎಂದು ಕದ್ದು ಹಾಕುವವರು ಹೀಗೆ ಮಾಡುತ್ತಾರೆಂದು ಆಮೇಲೆ ನಮ್ಮವರು ಹೇಳಿದರು. ಹಾಡಿನಲ್ಲಿ ಎಲ್ಲೂ ಓದಲು ಬರುವಂಥ ಒಂದು ಅಕ್ಷರವಿರಲಿಲ್ಲ, ಡಬ್ಬಿಯ ಮೇಲಿನ ಬರಹ ಆ ಮಬ್ಬಿನಲ್ಲಿ ಬಿಳಿ ಕಲೆಯಷ್ಟೇ. ಮಾಮ ಗುಡ್ಡ ನೋಡಿದರು, ಟ್ಯಾಂಕ್ ನೋಡಿದರು. ಮನುಷ್ಯರ ಕಡೆ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ.

ಚಪ್ಪಲಿ ಕೂಡ ಹಾಕದೆ ಕೆಳಗೆ ಓಡಿದೆ.

"ಮಾಮ, ಗುಡ್ಡ ಎಡಕ್ಕೇ ಉಂಟು! ಬನ್ನಿ ಮೇಲೆ!"

"ಎಂತ ಹೇಳ್ತೀ ನೀನು?"

"ಬನ್ನಿ ಅಂದೆನಲ್ಲ!"

ಮೆಟ್ಟಿಲು ಹತ್ತಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಟ್ರಯಲ್ ಕನ್ನಡಿಯ ಮುಂದೆ ಕುರ್ಚಿ ಹಾಕಿ ಕೂರಿಸಿದೆ. ಲ್ಯಾಪ್‌ಟಾಪನ್ನು ಎತ್ತಿ ಅದರ ಮುಖವನ್ನು ಕನ್ನಡಿಗೆ ತಿರುಗಿಸಿ ಹಿಡಿದೆ. ಕನ್ನಡಿಯೊಳಗೆ ಹಾಡು ಶುರುವಾಯಿತು. ನಾಯಕನ ಕಿಸೆ ಎಡಕ್ಕೆ ಬಂತು, ಸೆರಗು ಎಡ ಭುಜಕ್ಕೆ ಬಂತು. ಗುಡ್ಡದ ಎತ್ತರದ ತುದಿ ಎಡಕ್ಕೆ, ನೀರಿನ ಟ್ಯಾಂಕು ಎಡಕ್ಕೆ. ಹೊಗೆ ಬಿಡುತ್ತ ಗಾಡಿ ಬಲದಿಂದ ಎಡಕ್ಕೆ ಹೊರಟಿತು.

"ಇದೇ" ಅಂದರು ಮಾಮ. "ಇದೇ ಮಾರಾಯ್ತಿ. ಇದೇ ಸ್ಟೇಷನ್. ಇದೇ ಗಾಡಿ. ಅಗೋ, ಅದು ನಾನಿದ್ದ ಡಬ್ಬಿ. ಅದರ ಹಿಂದೆ ಹೆಂಗಸರದ್ದು. ಬಂತು, ಬಂತು… ನಿಲ್ಲಿಸು!"

ನಿಲ್ಲಿಸಿದೆ. ನನಗೆ ಕಣ್ಣು ತುಂಬಿ ಬಂದಿತ್ತು. ಅಂತೂ ದೇವರು ಕಣ್ಣು ಬಿಟ್ಟ ಎಂದುಕೊಂಡೆ. ಆ ಡಬ್ಬಿಯಲ್ಲಿ ತೆರೆದಿದ್ದ ಒಂದೇ ಕಿಟಕಿಯಲ್ಲಿ ಮೂರು ಹೆಂಗಸರು ಒತ್ತೊತ್ತಾಗಿ ಕೂತಿದ್ದರು. ಮೂವರೂ ಎಳೆಯ ವಯಸ್ಸಿನವರು. ಒಬ್ಬಳು ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ನಡುವಿನವಳು ನಗುತ್ತಿದ್ದಳು. ಮೂರನೆಯವಳು ಕ್ಯಾಮೆರಾ ನೋಡಬೇಡಿ ಎಂದರೂ ನೇರ ಕ್ಯಾಮೆರಾವನ್ನೇ ನೋಡುತ್ತಿದ್ದಳು. ಕ್ಯಾಮೆರಾ ಹತ್ತಿರವಿದ್ದದ್ದರಿಂದ ಮುಖಗಳು ಅಷ್ಟೇನೂ ಮಬ್ಬಾಗಿರಲಿಲ್ಲ. ಗುರುತಿನವರಿಗೆ ಗುರುತು ಸಿಗುವಷ್ಟು ಇದ್ದವು.

ಮಾಮ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಕುರ್ಚಿಯನ್ನು ಮುಂದೆ ಎಳೆದುಕೊಂಡರು. ಕನ್ನಡಿಗೆ ಮುಖ ತಾಗುವಷ್ಟು ಬಗ್ಗಿದರು. ನನ್ನ ಕೈ ಸೋಲುತ್ತಿತ್ತು, ಆದರೂ ಲ್ಯಾಪ್‌ಟಾಪ್ ಅಲುಗಿಸಲಿಲ್ಲ.

"ಯಾರು ಮಾಮ? ಮಾಮಿ ಯಾರು ಇದರಲ್ಲಿ?"

ಅವರು ಕನ್ನಡಿಯ ಮೇಲೆ ಬೆರಳಿಟ್ಟರು, ಮತ್ತೆ ತೆಗೆದರು.

"ನಗ್ತಿರುವವರಾ?"

"ಅವಳೂ ಇರಬಹುದು" ಅಂದರು.

ನಾನು ಅವರ ಮುಖ ನೋಡಿದೆ. ಅವರು ಒಬ್ಬಳಿಂದ ಇನ್ನೊಬ್ಬಳಿಗೆ, ಅವಳಿಂದ ಮತ್ತೊಬ್ಬಳಿಗೆ ಕಣ್ಣು ಓಡಿಸುತ್ತಿದ್ದರು. ಮತ್ತೆ ಮೊದಲಿನವಳಿಗೆ ಬರುತ್ತಿದ್ದರು.

"ಈ ಮೂವರಲ್ಲಿ ಒಬ್ಬಳು ನನ್ನ ಹೆಂಡತಿ" ಅಂದರು. "ಯಾರು ಅಂತ ನೀನೇ ಹೇಳು."

"ನಾನು ಅವರನ್ನ ನೋಡಿಯೇ ಇಲ್ಲವಲ್ಲ ಮಾಮ…"

"ನನಗೂ ಗೊತ್ತಾಗ್ತಾ ಇಲ್ಲ ಮಾರಾಯ್ತಿ."

ಬಾಯಿಗೆ ಬಂದದ್ದು ಹೇಳಿದೆ. ಗಾಬರಿಯಲ್ಲಿ ಹಾಗಾಗಿರುತ್ತದೆ, ನಾಳೆ ಇನ್ನೊಮ್ಮೆ ನೋಡೋಣ, ಅವರನ್ನು ನೋಡಿದವರು ಯಾರಿಗಾದರೂ ತೋರಿಸೋಣ ಎಂದೆ. ಸಾನಪಾಡಾದ ಸ್ನೇಹಿತರಿಗೆ ತೋರಿಸಿದರೆ ಹೇಗೆ ಎಂದೆ. ಅವರ ಗೆಳೆತನ ಬೆಳೆದದ್ದು ಆಮೇಲೆ. ನೆರೂಳದ ಅತ್ತಿಗೆ? ಅಣ್ಣ ಮದುವೆಯಾದದ್ದು ತಡವಾಗಿ, ಅವರೂ ಆ ಮನೆಗೆ ಸೊಸೆಯಾಗಿ ಬಂದದ್ದು ಆಮೇಲೆ. ಮಾಮ ತಮ್ಮ ಕಡೆಯವರನ್ನು, ಹೆಂಡತಿಯ ಕಡೆಯವರನ್ನು, ಆಗ ತಾವಿದ್ದ ಕಳ್ವಾದ ಚಾಳಿನ ನೆರೆಮನೆಯವರನ್ನು ಒಬ್ಬೊಬ್ಬರಾಗಿ ನೆನೆಸಿಕೊಂಡರು. "ಅವಳನ್ನ ನೋಡಿದವರಲ್ಲಿ ಉಳಿದವನು ನಾನೊಬ್ಬನೇ" ಅಂದರು.

ಎದ್ದು ನಿಂತರು. ಗೋಡೆ ಹಿಡಿದು ಬಾಗಿಲವರೆಗೆ ಹೋಗಿ ತಿರುಗಿದರು. "ಆ ಹಾಡು ಇನ್ನು ಹಾಕಬೇಡ" ಅಂದರು. ಬೈಗುಳದ ದನಿಯಲ್ಲ ಅದು, ಕೇಳಿಕೊಂಡ ಹಾಗಿತ್ತು.

ಆಮೇಲೆ ಅವರು ಹಾಡು ನೋಡಲು ಬರಲೇ ಇಲ್ಲ. ನಾನು ಹಾಕಲೂ ಇಲ್ಲ. ಮೆಷಿನ್ನಿನ ಸದ್ದೊಂದೇ ಮನೆಯಲ್ಲಿ. ಸಾರು ತೆಗೆದುಕೊಂಡು ಕೆಳಗೆ ಹೋದರೆ ಬಾಗಿಲು ತೆರೆದು ಪಾತ್ರೆ ತೆಗೆದುಕೊಳ್ಳುತ್ತಿದ್ದರು, ಉಪ್ಪು ಹೆಚ್ಚಾಗಿದೆ ಎಂದು ಸಹ ಹೇಳುತ್ತಿರಲಿಲ್ಲ. ಸ್ಟೇಷನ್ನಿನ ಕಡೆ ಹೋಗುವುದನ್ನೇ ಬಿಟ್ಟರು. ಒಂದು ಆಲ್ಬಮ್ಮನ್ನು ಪ್ರವಾಹ ತೆಗೆದುಕೊಂಡು ಹೋದಾಗ ಎದ್ದು ಕೂತ ಮನುಷ್ಯ, ಈ ಸಲ ಏಳಲಿಲ್ಲ. ಮುಂದಿನ ಮಳೆಗಾಲ ಮುಗಿಯುವ ಮೊದಲು ಒಂದು ಬೆಳ್ಳಂಬೆಳಿಗ್ಗೆ ಹಾಲಿನವನು ಬಾಗಿಲು ಬಡಿದು ಬಡಿದು ನಮ್ಮನ್ನು ಕರೆದ.

ವೈಕುಂಠ ಸಮಾರಾಧನೆಯ ಹಿಂದಿನ ದಿನ ನೆರೂಳದಿಂದ ಅವರ ಅಣ್ಣನ ಮಗ ಬಂದ. ಇಲ್ಲೇ ಹುಟ್ಟಿ ಬೆಳೆದ ಹುಡುಗ, ಕನ್ನಡ ಶುರು ಮಾಡಿದರೆ ಹಿಂದಿಯಲ್ಲಿ ಮುಗಿಸುತ್ತಾನೆ. ಮಾಮನ ಹಾಲಿನಲ್ಲಿ ಮಣೆ ಇಟ್ಟು, ಅದರ ಮೇಲೆ ಬಿಳಿ ಬಟ್ಟೆ ಹಾಸಿ, ರಿಟೈರ್ ಆದಾಗ ಆಫೀಸಿನವರು ತೆಗೆಸಿದ ಮಾಮನ ಫೋಟೋವನ್ನು ಬಲಬದಿಗೆ ಒತ್ತಿ ಇಟ್ಟಿದ್ದ. ಎಡಬದಿ ಖಾಲಿ ಬಿಟ್ಟಿದ್ದ.

"ಆಂಟಿ, ಭಟ್ಟರು ಹೇಳ್ತಾರೆ, ಚಿಕ್ಕಮ್ಮನ ಫೋಟೋ ಕೂಡ ಬಾಜೂಗೆ ಇಡಬೇಕಂತೆ, ಜೋಡಿ. ಮನೆ ಎಲ್ಲ ಹುಡುಕಿದೆ, ಒಂದೂ ಇಲ್ಲ. ಚಿಕ್ಕಪ್ಪ ನಿಮ್ಮ ಹತ್ತಿರ ಕುಛ್ ದಿಯಾ ಥಾ ಕ್ಯಾ?"

ಆ ಕಿಟಕಿಯ ಚಿತ್ರವನ್ನು ನಾನು ಲ್ಯಾಪ್‌ಟಾಪಿನಲ್ಲಿ ತೆಗೆದಿಟ್ಟುಕೊಂಡಿದ್ದೆ. ಎಡಬಲ ಸರಿಮಾಡಿಸಿ ಇಟ್ಟಿದ್ದೆ. ಮೂವರೂ ಅದರಲ್ಲಿದ್ದರು.

"ಇಲ್ಲ ಮಾರಾಯ" ಅಂದೆ. "ಮಾಮಿಯ ಫೋಟೋ ಇಲ್ಲ."

ಅವನು ಮಾಮನ ಫೋಟೋವನ್ನು ಮಣೆಯ ನಡುವಿಗೆ ಸರಿಸಿ, ಒಂದೇ ಹಾರ ತರಲು ಹೇಳಿ ಕಳಿಸಿದ.